ಗದ್ಯಾಣದ ತೂಕ, ಶ್ರಾವಕನ ವ್ರತ

 

ಜಿನಬಿಂಬದ ಪ್ರತಿಷ್ಠೆ ನಡೆಯುವ ಮಂಟಪದಲ್ಲಿ ತಕ್ಕಡಿಯ ಮಾತನ್ನು ಎತ್ತುವುದು ಕೆಲವರಿಗೆ ಅಪ್ರಸ್ತುತವೆಂದು ತೋರಬಹುದು. ತಕ್ಕಡಿ ಅಂಗಡಿಯ ವಸ್ತು. ಬಸದಿಯೋ ಅಂಗಡಿಯ ಚಿಂತೆಯನ್ನು ಹೊಸ್ತಿಲಾಚೆ ಬಿಟ್ಟು ಒಳಬರುವ ಸ್ಥಳ. ಆದರೆ ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಸುತ್ತಲಿನ ಯಾವುದೇ ಹಳೆಯ ದಾನಶಾಸನದ ಮುಂದೆ ನಿಂತು ನೋಡಿದರೆ ಬೇರೆಯೇ ಸಂಗತಿ ಕಣ್ಣಿಗೆ ಬೀಳುತ್ತದೆ. ಮೊದಲು ಜಿನಶಾಸನದ ಸ್ತುತಿ, ಆಮೇಲೆ ಅರಸನ ಬಿರುದಾವಳಿ, ಗುರುಪರಂಪರೆ, ದಾನಿಯ ವಂಶ. ಅವೆಲ್ಲ ಮುಗಿದ ಮೇಲೆ ಕಲ್ಲಿನ ಕೆಳಭಾಗದಲ್ಲಿ ಮತ್ತರು, ಕೊಳಗ, ಮಾನ, ಸೊಲ್ಲಗೆ, ಗದ್ಯಾಣ, ಪಣ, ಹಾಗ, ವೀಸ ಎಂಬ ಪದಗಳು ಬರುತ್ತವೆ. ಓದುವವರು ಸಾಮಾನ್ಯವಾಗಿ ಮೇಲಿನ ಸ್ತುತಿಪದ್ಯಗಳ ಸೊಬಗಿಗೆ ಮನಸೋತು ಈ ಕೊನೆಯ ಸಾಲುಗಳನ್ನು ದಾಟಿಬಿಡುತ್ತಾರೆ. ವಾಸ್ತವದಲ್ಲಿ ದಾನವು ದಾನವಾಗಿ ನಿಂತಿರುವುದು ಆ ಕೊನೆಯ ಸಾಲುಗಳಲ್ಲಿಯೇ.

ಆ ಪದಗಳಲ್ಲಿ ಒಂದಾದ ಗದ್ಯಾಣವನ್ನು ಹಿಡಿದು ಇಂದಿನ ಉಪನ್ಯಾಸ ಸಾಗುತ್ತದೆ. ಗದ್ಯಾಣವೆಂಬುದು ಚಿನ್ನದ ತೂಕದ ಹೆಸರು. ಆ ತೂಕದ ಚಿನ್ನಕ್ಕೆ ಮುದ್ರೆಯೊತ್ತಿದಾಗ ಅದೇ ನಾಣ್ಯದ ಹೆಸರೂ ಆಯಿತು. ಪೊನ್ನು, ಹೊನ್ನು ಎಂಬ ಅಚ್ಚಗನ್ನಡದ ಮಾತುಗಳೂ ಅದರ ಜೊತೆಗೆ ಬಳಕೆಯಾಗುತ್ತಿದ್ದವು. ವಿಜಯನಗರದ ಕಾಲಕ್ಕೆ ಇದೇ ವರ್ಗದ ನಾಣ್ಯ ವರಹವೆನಿಸಿಕೊಂಡಿತು. ಕನ್ನಡನಾಡಿನಲ್ಲಿ ಬಹುಮಟ್ಟಿಗೆ ನಡೆಯುತ್ತಿದ್ದ ಲೆಕ್ಕದಂತೆ ಹತ್ತು ಪಣಕ್ಕೆ ಒಂದು ಗದ್ಯಾಣ, ಪಣದ ಕಾಲು ಭಾಗ ಹಾಗ, ಪಣದ ಹದಿನಾರನೆಯ ಒಂದು ಭಾಗ ವೀಸ. ಆದುದರಿಂದ ಒಂದು ಗದ್ಯಾಣದಲ್ಲಿ ನೂರರವತ್ತು ವೀಸಗಳು. ಒಂದು ವೀಸದಷ್ಟು ಚಿನ್ನ ಅಂಗೈಯ ಬೆವರಿಗೆ ಅಂಟಿಕೊಂಡು ಹೋಗುವಷ್ಟು ಚಿಕ್ಕದು. ಅಂಥ ಸೂಕ್ಷ್ಮವನ್ನೂ ಹಿರಿಯರು ಹೆಸರಿಟ್ಟು ಲೆಕ್ಕಕ್ಕೆ ತೆಗೆದುಕೊಂಡಿದ್ದರು.

ಈ ತೂಕಗಳೆಲ್ಲದರ ಬುಡದಲ್ಲಿರುವುದು ಒಂದು ಬೀಜ. ಬೇಲಿಗಳ ಮೇಲೆ, ಕುರುಚಲು ಕಾಡಿನಲ್ಲಿ ಹಬ್ಬುವ ಬಳ್ಳಿಯ ಕೆಂಪು ಮೈ, ಕರಿ ಕಣ್ಣಿನ ಗುಲಗಂಜಿ. ಸಂಸ್ಕೃತದಲ್ಲಿ ಗುಂಜಾ. ಒಣಗಿದ ಮೇಲೆ ಅದು ಸುಲಭವಾಗಿ ಕೆಡದು, ಸವೆಯದು, ಒಂದಕ್ಕೂ ಇನ್ನೊಂದಕ್ಕೂ ತೂಕದಲ್ಲಿ ಹೆಚ್ಚಿನ ಅಂತರ ಕಾಣದು. ಸ್ಥೂಲವಾಗಿ ಗ್ರಾಮಿನ ಎಂಟನೆಯ ಒಂದು ಭಾಗ. ಸ್ವಲ್ಪ ಅಂತರವಿದ್ದರೂ ಹತ್ತಾರು ಬೀಜಗಳನ್ನು ಒಟ್ಟಿಗೆ ತೂಗಿದಾಗ ಹೆಚ್ಚು ಕಡಿಮೆಗಳು ಒಂದನ್ನೊಂದು ಸರಿದೂಗಿಸುತ್ತವೆ. ಪತ್ತಾರರ ಪೆಟ್ಟಿಗೆಯಲ್ಲಿ ಒರೆಗಲ್ಲಿನ ಪಕ್ಕದಲ್ಲಿಯೇ ಗುಲಗಂಜಿಗೆ ಸ್ಥಾನವಿದ್ದುದು ಈ ಕಾರಣಕ್ಕೆ. ಇಂದಿಗೂ ತೀರ ಅಲ್ಪವಾದುದನ್ನು ಗುಲಗಂಜಿಯಷ್ಟು ಎನ್ನುವ ರೂಢಿ ಉಳಿದಿದೆ.

ಈ ಸೀಮೆಗೆ ಚಿನ್ನವೆಂಬುದು ಪರದೇಶದಿಂದ ಬಂದ ವಸ್ತು ಮಾತ್ರವಾಗಿರಲಿಲ್ಲ. ಗದಗ, ಶಿರಹಟ್ಟಿ, ಮುಂಡರಗಿಗಳ ನಡುವೆ ಮಲಗಿರುವ ಕಪ್ಪತಗುಡ್ಡದ ಹಳ್ಳಗಳಲ್ಲಿ ಜಾಲಗಾರರು ಮರಳನ್ನು ಮರಿಗೆಯಲ್ಲಿ ಜಾಲಿಸಿ ಚಿನ್ನದ ಕಣಗಳನ್ನು ಹೆಕ್ಕುತ್ತಿದ್ದರು. ಸೊರಟೂರು, ಡೋಣಿಗಳ ಕಡೆಯ ಹಳ್ಳಗಳು ಇದಕ್ಕೆ ಹೆಸರಾಗಿದ್ದವು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1874ರಲ್ಲಿ ಡಂಬಳ ಗುಡ್ಡಗಳ ಚಿನ್ನದ ಶಿಲೆಗಳನ್ನು ಕುರಿತು ವರದಿ ಬರೆದನು. ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಕಂಪನಿಗಳು ಇಲ್ಲಿ ಗಣಿ ತೋಡಿ ನೋಡಿದವು. ಖರ್ಚಿಗೆ ತಕ್ಕ ಚಿನ್ನ ಸಿಗದೆ ಕೈಬಿಟ್ಟವು. ಜಾಲಗಾರನ ಇಡೀ ದಿನದ ದುಡಿಮೆ ಕೊನೆಗೆ ಕೆಲವು ಗುಲಗಂಜಿಗಳ ಎದುರು ತೂಗಿ ನಿರ್ಣಯವಾಗುತ್ತಿತ್ತು ಎಂಬುದನ್ನು ನೆನೆದರೆ, ತ್ರಾಸು ಹಿಡಿದ ಕೈ ಅತ್ತಿತ್ತ ಅಲುಗುವುದರ ಅರ್ಥವೇನೆಂದು ವಿವರಿಸಬೇಕಾಗಿಲ್ಲ.

ಬಂಧುಗಳೇ, ಈ ಬೀಜದಿಂದ ಹಿಡಿದು ದೊಡ್ಡ ಭಾರದವರೆಗಿನ ಮಾನಗಳನ್ನು ಕ್ರಮವಾಗಿ ಜೋಡಿಸಿ ಶಾಸ್ತ್ರವಾಗಿ ಬರೆದಿಟ್ಟವರಲ್ಲಿ ಅಗ್ರಗಣ್ಯರು ಜೈನಾಚಾರ್ಯರೇ ಎಂಬುದು ಸಮಾಜಕ್ಕೆ ಹೆಮ್ಮೆಯ ಸಂಗತಿ. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ.ಶ. 850ರ ಸುಮಾರಿಗೆ, ಮಹಾವೀರಾಚಾರ್ಯರು ರಚಿಸಿದ ‘ಗಣಿತಸಾರಸಂಗ್ರಹ’ವು ಅಂಥ ಗ್ರಂಥ. ಇದನ್ನು ಎಂ. ರಂಗಾಚಾರ್ಯರು 1912ರಲ್ಲಿ ಮದರಾಸಿನಿಂದ ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು. ಡಾ. ಪದ್ಮಾವತಮ್ಮನವರು ಕನ್ನಡಕ್ಕೆ ಅನುವಾದಿಸಿದ ಆವೃತ್ತಿಯು 2000ದಲ್ಲಿ ಹೊಂಬುಜದ ಶ್ರೀಮಠದಿಂದ ಹೊರಬಂದಿದೆ. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನು ಕನ್ನಡದಲ್ಲಿಯೇ ‘ವ್ಯವಹಾರಗಣಿತ’ವನ್ನು ಬರೆದನು; ಆತನೂ ಜೈನನೇ. ಮೋಕ್ಷಶಾಸ್ತ್ರವನ್ನು ಬರೆದ ಪರಂಪರೆಯೇ ಬೆಲ್ಲ, ಭತ್ತ, ಬೆಳ್ಳಿಗಳ ಲೆಕ್ಕವನ್ನೂ ಬರೆಯಿತು. ಒಂದು ಹಿರಿದು ಇನ್ನೊಂದು ಕಿರಿದು ಎಂದು ಬಗೆಯಲಿಲ್ಲ.

ಮಹಾವೀರಾಚಾರ್ಯರ ಕೋಷ್ಟಕ ಹೀಗಿದೆ. ಚಿನ್ನಕ್ಕೆ: ನಾಲ್ಕು ಗಂಡಕಕ್ಕೆ ಒಂದು ಗುಂಜಾ, ಐದು ಗುಂಜೆಗೆ ಒಂದು ಪಣ, ಎಂಟು ಪಣಕ್ಕೆ ಒಂದು ಧರಣ, ಎರಡು ಧರಣಕ್ಕೆ ಒಂದು ಕರ್ಷ, ನಾಲ್ಕು ಕರ್ಷಕ್ಕೆ ಒಂದು ಪಲ. ಬೆಳ್ಳಿಗೆ ದಾರಿ ಬೇರೆ: ಎರಡು ಧಾನ್ಯದ ಕಾಳಿಗೆ ಒಂದು ಗುಂಜಾ, ಎರಡು ಗುಂಜೆಗೆ ಒಂದು ಮಾಷ, ಹದಿನಾರು ಮಾಷಕ್ಕೆ ಒಂದು ಧರಣ, ಎರಡೂವರೆ ಧರಣಕ್ಕೆ ಒಂದು ಕರ್ಷ, ನಾಲ್ಕು ಕರ್ಷಕ್ಕೆ ಪಲ. ಗುಣಿಸಿ ನೋಡಿದರೆ ಸ್ವಾರಸ್ಯ ತಿಳಿಯುತ್ತದೆ. ಚಿನ್ನದ ಧರಣದಲ್ಲಿ ನಲವತ್ತು ಗುಂಜೆಗಳು, ಬೆಳ್ಳಿಯ ಧರಣದಲ್ಲಿ ಮೂವತ್ತೆರಡೇ ಗುಂಜೆಗಳು. ಹೆಸರು ಒಂದೇ, ತೂಕ ಬೇರೆ. ಆದರೆ ಎರಡು ದಾರಿಗಳೂ ಕರ್ಷದಲ್ಲಿ ಬಂದು ಕೂಡುತ್ತವೆ. ಚಿನ್ನವಾಗಲಿ ಬೆಳ್ಳಿಯಾಗಲಿ ಕರ್ಷಕ್ಕೆ ಎಂಬತ್ತು ಗುಂಜೆ, ಪಲಕ್ಕೆ ಮುನ್ನೂರಿಪ್ಪತ್ತು. ಮುನ್ನೂರು ವರ್ಷಗಳ ತರುವಾಯ, 1150ರಲ್ಲಿ, ಭಾಸ್ಕರಾಚಾರ್ಯರು ‘ಲೀಲಾವತಿ’ಯಲ್ಲಿ ಕೊಡುವ ಇನ್ನೊಂದು ಕ್ರಮದಂತೆ ಮೂರು ಗುಂಜೆಗೆ ಒಂದು ವಲ್ಲ, ಎಂಟು ವಲ್ಲಕ್ಕೆ ಒಂದು ಧರಣ, ಎರಡು ಧರಣಕ್ಕೆ ಒಂದು ಗದ್ಯಾಣ. ಇಲ್ಲಿ ಧರಣವು ಇಪ್ಪತ್ತನಾಲ್ಕು ಗುಂಜೆಗೆ ಇಳಿದಿದೆ. ಗದ್ಯಾಣಕ್ಕೆ ನಲವತ್ತೆಂಟು ಗುಂಜೆ, ಎಂದರೆ ಇಂದಿನ ಲೆಕ್ಕದಲ್ಲಿ ಆರು ಗ್ರಾಮಿಗೆ ತುಸು ಕಡಿಮೆ. ಆದರೆ ದೊರೆತಿರುವ ಚಾಲುಕ್ಯ, ಕದಂಬರ ಕಾಲದ ಗದ್ಯಾಣ ನಾಣ್ಯಗಳು ಬಹುಮಟ್ಟಿಗೆ ನಾಲ್ಕು ಗ್ರಾಮಿನ ಆಸುಪಾಸಿನವು.

ಇದರಿಂದ ಹೊರಡುವ ತಾತ್ಪರ್ಯ ಮುಖ್ಯವಾದುದು. ಧರಣವೆಂದ ಮಾತ್ರಕ್ಕೆ, ಗದ್ಯಾಣವೆಂದ ಮಾತ್ರಕ್ಕೆ ತೂಕ ತಿಳಿದಂತಾಗಲಿಲ್ಲ. ಯಾವ ಲೋಹಕ್ಕೆ, ಯಾವ ಕಾಲಕ್ಕೆ, ಯಾವ ಟಂಕಸಾಲೆಯ ಲೆಕ್ಕಕ್ಕೆ ಎಂಬುದು ತಿಳಿದಾಗಲೇ ಮಾತು ಪೂರ್ಣವಾಗುತ್ತದೆ. ತೂಕದ ಹೆಸರು ಕೊಟ್ಟ ಮಾತಿನ ಅರ್ಧ. ಆ ತೂಕದ ಪ್ರಮಾಣವನ್ನು ಬಾಯಿಬಿಟ್ಟು ಹೇಳುವುದು ಉಳಿದರ್ಧ. ವಂಚನೆ ನುಸುಳುವುದು ಈ ಎರಡು ಅರ್ಧಗಳ ನಡುವಿನ ಬಿರುಕಿನಲ್ಲಿ.

ಬೆಳ್ವೊಲ ಪುಲಿಗೆರೆಗಳ ಜನ ಇದನ್ನು ಚೆನ್ನಾಗಿ ಅರಿತಿದ್ದರು. ಇಂದಿನ ಲಕ್ಕುಂಡಿ ಅಂದು ಲೊಕ್ಕಿಗುಂಡಿ. ಅಲ್ಲಿ ಟಂಕಸಾಲೆಯಿತ್ತು. ಶಾಸನಗಳು ಕೇವಲ ಗದ್ಯಾಣವೆನ್ನದೆ ಲೊಕ್ಕಿಗದ್ಯಾಣವೆಂದು ಹೆಸರಿಸಿ ಹೇಳುವುದುಂಟು. ಆ ಒಂದು ಪೂರ್ವಪದದಿಂದ ತೂಕವೂ ಬಣ್ಣವೂ ನಿಶ್ಚಿತವಾಗುತ್ತಿತ್ತು. ಕೊಡುವವನಿಗೂ ಕೊಳ್ಳುವವನಿಗೂ ಮುಂದೆ ವಾದಕ್ಕೆ ಆಸ್ಪದವಿರುತ್ತಿರಲಿಲ್ಲ. ಅದೇ ಲೊಕ್ಕಿಗುಂಡಿಯಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಬ್ರಹ್ಮಜಿನಾಲಯವನ್ನು ಕಟ್ಟಿಸಿದಳು. ಅದಕ್ಕೆ ಸಂಬಂಧಿಸಿದ ಶಾಸನ ಕ್ರಿ.ಶ. 1007ರದು. ರನ್ನನಿಂದ ‘ಅಜಿತಪುರಾಣ’ವನ್ನು ಬರೆಯಿಸಿದ, ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ, ಚಿನ್ನ ರತ್ನಗಳ ಸಾವಿರದೈನೂರು ಜಿನಪ್ರತಿಮೆಗಳನ್ನು ಮಾಡಿಸಿಕೊಟ್ಟಳೆಂದು ಕೀರ್ತಿತಳಾದ ಆ ಮಹಾತಾಯಿಯ ಔದಾರ್ಯವನ್ನು ಎಲ್ಲರೂ ಬಲ್ಲರು. ಆ ಒಂದೊಂದು ಪ್ರತಿಮೆಯ ಹಿಂದೆಯೂ ಚಿನ್ನವನ್ನು ತೂಗಿ ಅಕ್ಕಸಾಲಿಗನ ಕೈಗೆ ಕೊಟ್ಟ, ಮತ್ತೆ ತೂಗಿ ಅವನ ಕೈಯಿಂದ ಪಡೆದ ಕಾರ್ಯ ನಡೆದಿರಲೇಬೇಕೆಂಬುದು ಮಾತ್ರ ಸಾಮಾನ್ಯವಾಗಿ ಯಾರ ಗಮನಕ್ಕೂ ಬಾರದು.

ದಾನವೆಂದರೆ ಅರಸುಮಕ್ಕಳ, ದಂಡನಾಯಕರ ಮನೆಯದೇ ಎಂದಲ್ಲ. ಗದಗ ತಾಲೂಕಿನ ಮುಳಗುಂದದಲ್ಲಿ ರಾಷ್ಟ್ರಕೂಟ ಎರಡನೆಯ ಕೃಷ್ಣನ ಕಾಲದ, ಶಕ 824ರ, ಎಂದರೆ ಕ್ರಿ.ಶ. 902ರ ಸುಮಾರಿನ ಶಾಸನವಿದೆ. ಅಲ್ಲಿ ಜಿನಭವನವನ್ನು ಕಟ್ಟಿಸಿದವನು ವೈಶ್ಯಕುಲದ ಚಿಕಾರ್ಯ. ಸೇನಾನ್ವಯದ ಕನಕಸೇನ ಮುನಿಗಳಿಗೆ ಭೂಮಿಯನ್ನು ಕೊಟ್ಟ ಅರಸಾರ್ಯನೂ ಅದೇ ಮನೆತನದವನು. ಲಕ್ಷ್ಮೇಶ್ವರದಲ್ಲಿ, ನೇಮಿನಾಥ ಸ್ವಾಮಿಯ ಶಂಖಬಸದಿಯಿಂದ ಪುನೀತವಾದ ಪುಲಿಗೆರೆಯಲ್ಲಿ, ಯುವರಾಜ ವಿಕ್ರಮಾದಿತ್ಯನು ಸುಮಾರು ಕ್ರಿ.ಶ. 725ರಲ್ಲಿ ಮಹಾಜನರಿಗೂ ನಗರಕ್ಕೂ ಹದಿನೆಂಟು ಪ್ರಕೃತಿಗಳಿಗೂ ಹಾಕಿಕೊಟ್ಟ ಆಚಾರವ್ಯವಸ್ಥೆಯ ಶಾಸನದಲ್ಲಿ ಕಂಚುಗಾರರ ಶ್ರೇಣಿಯ ಹೆಸರು ಬರುತ್ತದೆ. ನಗರವೆಂದರೆ ಅಲ್ಲಿ ವರ್ತಕರ ಕೂಟ. ಮುಂಡರಗಿ ತಾಲೂಕಿನ ಡಂಬಳದಲ್ಲಿ ಕ್ರಿ.ಶ. 1095ರ ಸುಮಾರಿನ ಶಾಸನವು ಹದಿನಾರು ಮಂದಿ ಸೆಟ್ಟಿಗಳು ಕಟ್ಟಿಸಿದ ತಾರಾದೇವಿಯ ಬೌದ್ಧವಿಹಾರವನ್ನೂ, ಲೊಕ್ಕಿಗುಂಡಿಯ ಸಂಗವಯ್ಯ ಸೆಟ್ಟಿಯು ಕಟ್ಟಿಸಿದ ಇನ್ನೊಂದು ವಿಹಾರವನ್ನೂ ಹೇಳುತ್ತದೆ. ಜಿನಾಲಯವಾಗಲಿ, ಬುದ್ಧವಿಹಾರವಾಗಲಿ, ಗದುಗಿನ ತ್ರಿಕೂಟೇಶ್ವರನ ಗುಡಿಯಾಗಲಿ, ದೇವರು ಬೇರೆಯಾದರೂ ಪೇಟೆ ಒಂದೇ, ಗದ್ಯಾಣವೂ ಒಂದೇ. ಅನ್ಯಧರ್ಮದವನು ನಂಬಿ ಕೈಚಾಚುವಂಥ ತಕ್ಕಡಿ ಇಲ್ಲದಿದ್ದರೆ ಅಂಥ ಪೇಟೆ ಬೆಳೆಯುತ್ತಿರಲಿಲ್ಲ.

ಗದ್ಯಾಣದ ದಾನ ಹೇಗೆ ನಡೆಯುತ್ತಿತ್ತು? ದಾನಿ ಮೂಲಧನವನ್ನು ಸೆಟ್ಟಿಗಳ ಅಥವಾ ನಗರದ ವಶಕ್ಕೆ ಕೊಡುವನು. ಅವರು ಮೂಲವನ್ನು ಮುಟ್ಟದೆ ಅದರ ಬಡ್ಡಿಯಿಂದ ನಂದಾದೀಪ, ಅಭಿಷೇಕ, ಅಷ್ಟವಿಧಾರ್ಚನೆ, ಆಹಾರದಾನಗಳನ್ನು ನಡೆಯಿಸಬೇಕು. ಉದಾಹರಣೆಗಾಗಿ ಹತ್ತು ಗದ್ಯಾಣದ ಮೂಲವೆಂದೂ, ಗದ್ಯಾಣಕ್ಕೆ ತಿಂಗಳಿಗೆ ಅರ್ಧ ಹಾಗ ಬಡ್ಡಿಯೆಂದೂ ಇಟ್ಟುಕೊಳ್ಳೋಣ. ತಿಂಗಳಿಗೆ ಐದು ಹಾಗ, ವರ್ಷಕ್ಕೆ ಅರವತ್ತು ಹಾಗ, ಎಂದರೆ ಹದಿನೈದು ಪಣ. ಅಷ್ಟರಲ್ಲಿ ವರ್ಷಪೂರ್ತಿ ಒಂದು ದೀಪಕ್ಕೆ ಎಣ್ಣೆ ಬರುವುದೆಂದು ಲೆಕ್ಕ ಹಾಕಿ ಕಲ್ಲಿನಲ್ಲಿ ಕೊರೆಯಿಸಿದ್ದಾರೆ ಎನ್ನೋಣ. ಕೊಟ್ಟ ಗದ್ಯಾಣಗಳು ಹತ್ತರಲ್ಲಿ ಒಂದು ಭಾಗ ಹಗುರವಾಗಿದ್ದರೆ ಆಗುವುದೇನು? ಶಾಸನದಲ್ಲಿ ದೀಪ ಉರಿಯುತ್ತಲೇ ಇರುತ್ತದೆ. ಗರ್ಭಗೃಹದಲ್ಲಿ ವರ್ಷಕ್ಕೆ ಮೂವತ್ತಾರು ದಿನ ಕತ್ತಲೆ. ಎಣ್ಣೆಗಾಣದವನು ಕೊಡಬೇಕಾದ ಸೊಲ್ಲಗೆ ಕಿರಿದಾಗಿದ್ದರೂ ಫಲ ಅದೇ.

ಬಂಧುಗಳೇ, ಇಲ್ಲಿಂದ ವಿಷಯವು ಚರಿತ್ರೆಯನ್ನು ಬಿಟ್ಟು ವ್ರತಕ್ಕೆ ಬರುತ್ತದೆ. ಶ್ರಾವಕನ ಐದು ಅಣುವ್ರತಗಳಲ್ಲಿ ಮೂರನೆಯದು ಅಚೌರ್ಯ. ‘ತತ್ತ್ವಾರ್ಥಸೂತ್ರ’ವು ಆ ವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ: ಸ್ತೇನಪ್ರಯೋಗ, ತದಾಹೃತಾದಾನ, ವಿರುದ್ಧರಾಜ್ಯಾತಿಕ್ರಮ, ಹೀನಾಧಿಕಮಾನೋನ್ಮಾನ, ಪ್ರತಿರೂಪಕವ್ಯವಹಾರ. ಕಳ್ಳನನ್ನು ಪ್ರೇರಿಸುವುದು, ಕಳವಿನ ಮಾಲನ್ನು ಕೊಳ್ಳುವುದು, ರಾಜ್ಯದ ಕಟ್ಟಳೆಯನ್ನು ಮೀರಿ ವ್ಯಾಪಾರ ಮಾಡುವುದು, ಅಳತೆ ತೂಕಗಳಲ್ಲಿ ಹೆಚ್ಚು ಕಡಿಮೆ ಮಾಡುವುದು, ಒಳ್ಳೆಯದರಂತೆ ತೋರುವ ಕೀಳುವಸ್ತುವನ್ನು ಬೆರೆಸಿ ಮಾರುವುದು. ಸ್ವಾಮಿ ಸಮಂತಭದ್ರರ ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿಯೂ ಇದೇ ದೋಷ ಹೀನಾಧಿಕವಿನಿಮಾನವೆಂಬ ಹೆಸರಿನಿಂದ ಬಂದಿದೆ. ಪೂಜ್ಯಪಾದರು ‘ಸರ್ವಾರ್ಥಸಿದ್ಧಿ’ಯಲ್ಲಿ ಮಾನ, ಉನ್ಮಾನ ಎಂಬ ಎರಡು ಪದಗಳನ್ನು ಬಿಡಿಸಿದ್ದಾರೆ. ಪ್ರಸ್ಥ ಮುಂತಾದ ಅಳೆಯುವ ಪಾತ್ರೆಗಳು ಮಾನ. ತುಲೆ ಮುಂತಾದ ತೂಕದ ಸಾಧನಗಳು ಉನ್ಮಾನ. ಚಿಕ್ಕದರಿಂದ ಅನ್ಯರಿಗೆ ಕೊಡುವುದು, ದೊಡ್ಡದರಿಂದ ತನಗೆ ತೆಗೆದುಕೊಳ್ಳುವುದು, ಇದೇ ಆ ಅತಿಚಾರ. ಎರಡು ಬಗೆಯ ಸೇರು, ಎರಡು ಬಗೆಯ ಕಲ್ಲು ಇಟ್ಟುಕೊಳ್ಳುವ ಅಂಗಡಿಕಾರನನ್ನು ಆಚಾರ್ಯರು ಸಾವಿರದ ನಾನೂರು ವರ್ಷಗಳಿಗೂ ಹಿಂದೆಯೇ ನೋಡಿದ್ದರೆಂದಾಯಿತು.

ಇದನ್ನು ಅತಿಚಾರವೆಂದು ಏಕೆ ಕರೆದರು, ನೇರವಾಗಿ ಕಳ್ಳತನವೆಂದು ಏಕೆ ಕರೆಯಲಿಲ್ಲ? ಕಳ್ಳನು ತಾನು ವ್ರತಿಯೆಂದು ಹೇಳಿಕೊಳ್ಳುವುದಿಲ್ಲ. ಸುಳ್ಳು ತಕ್ಕಡಿಯವನಾದರೋ ಬೆಳಿಗ್ಗೆ ಬಸದಿಗೆ ಬಂದು ಅಭಿಷೇಕ ನೋಡಿ, ಗಂಧೋದಕವನ್ನು ಹಣೆಗೆ ಹಚ್ಚಿಕೊಂಡು ಅಂಗಡಿಯ ಬಾಗಿಲು ತೆಗೆಯುತ್ತಾನೆ. ಬೇರೆಯವರ ಮನೆಗೆ ಕನ್ನ ಹಾಕಲಿಲ್ಲ, ಆದ್ದರಿಂದ ವ್ರತ ಉಳಿದಿದೆ ಎಂದು ಅವನ ಅಂತರಂಗ ಅವನಿಗೆ ಸಮಾಧಾನ ಹೇಳುತ್ತದೆ. ವ್ರತದ ಹೊರಮೈ ಹಾಗೆಯೇ ಇದ್ದು ಒಳಗಿನಿಂದ ಹುಳು ಹತ್ತಿದ ಸ್ಥಿತಿ ಇದು. ಹದಿಮೂರನೆಯ ಶತಮಾನದ ಪಂಡಿತ ಆಶಾಧರರು ‘ಸಾಗಾರಧರ್ಮಾಮೃತ’ದಲ್ಲಿ ಗೃಹಸ್ಥಧರ್ಮಕ್ಕೆ ಯೋಗ್ಯನಾದವನ ಗುಣಗಳನ್ನು ಎಣಿಸುವಾಗ ನ್ಯಾಯದಿಂದ ಗಳಿಸಿದ ಧನವನ್ನೇ ಮೊದಲಿಗೆ ಇಟ್ಟಿದ್ದಾರೆ, ಪೂಜೆ, ದಾನಗಳ ಮಾತು ಅದರ ನಂತರ. ತೂಕದಲ್ಲಿ ಕದ್ದು ಕಲಶಕ್ಕೆ ಸವಾಲು ಕೂಗಿದವನ ಹೆಸರು ಅಮೃತಶಿಲೆಯ ಮೇಲೆ ಬರಬಹುದು. ಆಚಾರ್ಯರ ಎಣಿಕೆಯಲ್ಲಿ ಅವನು ಇನ್ನೂ ಮೊದಲನೆಯ ಮೆಟ್ಟಿಲನ್ನೇ ಹತ್ತಿಲ್ಲ. ಈ ಮಾತು ಪ್ರತಿಷ್ಠೆಯ ದಿನ ಕಹಿಯೆನಿಸಿದರೂ ಹೇಳಬೇಕಾದ ದಿನವೂ ಇದೇ.

ಐದನೆಯ ಅತಿಚಾರವಾದ ಪ್ರತಿರೂಪಕವ್ಯವಹಾರವೂ ಚಿನ್ನದ ತೂಕಕ್ಕೆ ಅಂಟಿಕೊಂಡೇ ಇದೆ. ತೂಕ ಸರಿಯಿದ್ದು ಬಣ್ಣ ಕಡಿಮೆಯಾದರೆ ಮೋಸ ಇನ್ನೂ ನಾಜೂಕಾಯಿತು. ಹಿಂದಿನವರು ಅಪರಂಜಿಗೆ ಹದಿನಾರು ವರ್ಣವೆಂದು ಎಣಿಸುತ್ತಿದ್ದರು. ಮಹಾವೀರಾಚಾರ್ಯರು ಬೇರೆ ಬೇರೆ ವರ್ಣದ ಚಿನ್ನಗಳನ್ನು ಕೂಡಿಸಿ ಕರಗಿಸಿದಾಗ ಬರುವ ವರ್ಣವನ್ನು ಕಂಡುಹಿಡಿಯುವ ಲೆಕ್ಕಗಳನ್ನೇ ಒಂದು ಪ್ರಕರಣವಾಗಿ ಕೊಟ್ಟಿದ್ದಾರೆ. ಹದಿನಾಲ್ಕು ವರ್ಣದ ನಾಲ್ಕು ಗದ್ಯಾಣ, ಒಂಬತ್ತು ವರ್ಣದ ಆರು ಗದ್ಯಾಣ ಸೇರಿದರೆ ಹತ್ತು ಗದ್ಯಾಣಕ್ಕೆ ಹನ್ನೊಂದು ವರ್ಣ. ಈ ವಿದ್ಯೆಯನ್ನು ಕಲಿತವನು ಬೆರೆಸಿ ಮೋಸ ಮಾಡಲೂ ಬಲ್ಲ, ಬೆರೆಸಿದುದನ್ನು ಹಿಡಿಯಲೂ ಬಲ್ಲ. ಶಾಸ್ತ್ರವನ್ನು ಬರೆದವರು ಎರಡನೆಯವನನ್ನು ಕಣ್ಣಮುಂದೆ ಇಟ್ಟುಕೊಂಡು ಬರೆದರೆಂಬುದರಲ್ಲಿ ಸಂದೇಹವಿಲ್ಲ.

ಬೆರಕೆಯ ಮಾತು ಬಂದಾಗ ಮುಳಗುಂದದ ಕವಿ ನಯಸೇನನನ್ನು ನೆನೆಯದೆ ಮುಂದೆ ಹೋಗಲಾಗದು. ಕ್ರಿ.ಶ. 1112ರಲ್ಲಿ ಅವನು ರಚಿಸಿದ ‘ಧರ್ಮಾಮೃತ’ದಲ್ಲಿ ಸಮ್ಯಗ್ದರ್ಶನದ ಅಂಗಗಳನ್ನೂ ಐದು ವ್ರತಗಳನ್ನೂ ಕುರಿತ ಹದಿನಾಲ್ಕು ಕಥೆಗಳಿವೆ, ಅಚೌರ್ಯದ ಕಥೆಯೂ ಅವುಗಳಲ್ಲಿ ಒಂದು. ಕನ್ನಡದಲ್ಲಿ ಬರೆಯಹೊರಟು ಸಲ್ಲದ ಸಂಸ್ಕೃತವನ್ನು ತುರುಕುವವರನ್ನು ಅವನು ತುಪ್ಪಕ್ಕೆ ಎಣ್ಣೆ ಬೆರೆಸುವವರಿಗೆ ಹೋಲಿಸಿದ ಪ್ರಸಂಗ ಪ್ರಸಿದ್ಧವಾದುದು. ಭಾಷೆಯ ಚರ್ಚೆಯಲ್ಲಿ ಆ ಹೋಲಿಕೆಯನ್ನು ಎಲ್ಲರೂ ಎತ್ತಿ ಆಡುತ್ತಾರೆ. ಆದರೆ ಉಪಮಾನವನ್ನು ಅವನು ತಂದದ್ದು ಪೇಟೆಯಿಂದ ಎಂಬುದನ್ನೂ ಗಮನಿಸಬೇಕು. ತುಪ್ಪದಲ್ಲಿ ಎಣ್ಣೆಯ ವಾಸನೆ ಹಿಡಿಯಬಲ್ಲ ಗಿರಾಕಿಗಳು ಬೆಳ್ವೊಲದ ಸಂತೆಗಳಲ್ಲಿ ಆಗಲೂ ಇದ್ದರು.

ಶಾಸ್ತ್ರದ ಇನ್ನೊಂದು ಎಳೆಯನ್ನು ಇಲ್ಲಿ ಸೇರಿಸುವುದು ಉಚಿತ. ಗುರು ಲಘು, ಎಂದರೆ ಭಾರ ಹಗುರ ಎಂಬುವು ಪುದ್ಗಲದ ಎಂಟು ಸ್ಪರ್ಶಗಳಲ್ಲಿ ಸೇರಿದವು. ತೂಗಲು ಬರುವುದೆಲ್ಲ ಪುದ್ಗಲವೇ. ಸಿದ್ಧಪರಮೇಷ್ಠಿಗಳ ಎಂಟು ಗುಣಗಳಲ್ಲಿ ಒಂದು ಅಗುರುಲಘುತ್ವ. ಗೋತ್ರಕರ್ಮದ ಕ್ಷಯದಿಂದ ಅದು ಪ್ರಕಟವಾಗುತ್ತದೆ. ಅಲ್ಲಿ ಹಿರಿದು ಕಿರಿದೆಂಬ ಭೇದವಿಲ್ಲ, ಆದ್ದರಿಂದ ತೂಕವೂ ಇಲ್ಲ. ಸಂಸಾರಿಯಾದ ಶ್ರಾವಕನಿಗೆ ಆ ಪದವಿ ದೂರದ್ದು. ಭಾರ ಹಗುರಗಳ ಲೋಕದಲ್ಲಿಯೇ ಅವನು ನಡೆದುಕೊಳ್ಳಬೇಕು. ಹಾಗಾಗಿಯೇ ಆಚಾರ್ಯರು ಅವನಿಗೆ ತಕ್ಕಡಿಯನ್ನು ಬಿಡು ಎನ್ನದೆ ತಕ್ಕಡಿಯನ್ನು ಸರಿಯಾಗಿ ಹಿಡಿ ಎಂದರು.

ಗದ್ಯಾಣ ಮರೆಯಾದ ಮೇಲೆ ಆ ಸ್ಥಾನಕ್ಕೆ ಬಂದದ್ದು ತೊಲೆ, ಜನರ ಬಾಯಲ್ಲಿ ತೊಲಿ. ತುಲಾ ಎಂಬ ಮೂಲದಿಂದಲೇ ಬಂದ ಮಾತು. ಎಂಟು ಗುಂಜೆಗೆ ಒಂದು ಮಾಸಿ, ಹನ್ನೆರಡು ಮಾಸಿಗೆ ಒಂದು ತೊಲೆ. ಒಟ್ಟು ತೊಂಬತ್ತಾರು ಗುಂಜೆ. ಹಾಗೆ ನೋಡಿದರೆ ‘ಲೀಲಾವತಿ’ಯ ಗದ್ಯಾಣದ ಸರಿಯಾಗಿ ಎರಡರಷ್ಟು. ಕಂಪನಿ ಸರಕಾರ 1833ರಲ್ಲಿ ತೊಲೆಯನ್ನು 180 ಗ್ರೇನಿಗೆ ಗೊತ್ತುಪಡಿಸಿತು. ಬೆಳ್ಳಿಯ ರೂಪಾಯಿಯ ತೂಕವೂ ಅಷ್ಟೇ ಇದ್ದುದರಿಂದ ಹಳ್ಳಿಯ ಮನೆಗಳಲ್ಲಿಯೂ ಪ್ರಮಾಣದ ಕಲ್ಲು ದೊರೆತಂತಾಯಿತು. ಇಂದಿನ ಲೆಕ್ಕದಲ್ಲಿ ಅದು 11.664 ಗ್ರಾಂ.

ಸೇರಿನ ಕಥೆ ಮಾತ್ರ ಗೊಂದಲದ್ದು. ಇಂದು ಒಂದೇ ಜಿಲ್ಲೆಯಲ್ಲಿರುವ ಈ ನಾಲ್ಕು ಊರುಗಳು 1948ರವರೆಗೆ ಒಂದೇ ಆಳ್ವಿಕೆಯಲ್ಲಿರಲಿಲ್ಲ. ಗದಗ ಮತ್ತು ಮುಂಡರಗಿ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿ, ಶಿರಹಟ್ಟಿ ಸಾಂಗಲಿ ಸಂಸ್ಥಾನದಲ್ಲಿ, ಲಕ್ಷ್ಮೇಶ್ವರ ಮಿರಜ ಸಂಸ್ಥಾನದಲ್ಲಿ. ಮುಂಡರಗಿಯಿಂದ ಮೂಡಣಕ್ಕೆ ಸ್ವಲ್ಪ ನಡೆದರೆ ನಿಜಾಮನ ಸೀಮೆ. ಸೇರಿಗೆ ಎಷ್ಟು ರೂಪಾಯಿ ತೂಕ ಎಂದು ಮೊದಲು ಕೇಳಿಕೊಂಡು ಆಮೇಲೆ ದರ ಮಾತಾಡುವುದು ಆ ಕಾಲದ ಜಾಣ ವರ್ತಕನ ರೀತಿ. ಎತ್ತಿನ ಗಾಡಿಯಲ್ಲಿ ಹತ್ತಿ, ಶೇಂಗಾ ಹೇರಿಕೊಂಡು ಗದಗ ಪೇಟೆಗೆ ಬರುವ ರೈತನಿಗೆ ಆ ಪ್ರಶ್ನೆ ಕೇಳುವ ಧೈರ್ಯವಾಗಲಿ ತಿಳಿವಳಿಕೆಯಾಗಲಿ ಇರುತ್ತಿದ್ದುದು ಅಪರೂಪ. ಹೀನಾಧಿಕಮಾನೋನ್ಮಾನಕ್ಕೆ ಇದಕ್ಕಿಂತ ಹುಲುಸಾದ ನೆಲ ಬೇರೆ ಬೇಕಿರಲಿಲ್ಲ. ಮುಂಬಯಿ ಸರಕಾರದ 1932ರ ಕಾಯಿದೆ, ಅದರ ಮೇಲೆ 1939ರ ಅಖಿಲ ಭಾರತ ಕಾಯಿದೆಗಳು ಎಂಬತ್ತು ತೊಲೆಗೆ ಒಂದು ಸೇರು, ನಲವತ್ತು ಸೇರಿಗೆ ಒಂದು ಮಣವೆಂದು ಗೊತ್ತುಮಾಡಿದವು. ಆ ಸೇರು 933 ಗ್ರಾಮಿನದು. ಸ್ವತಂತ್ರ ಭಾರತದ 1956ರ ಕಾಯಿದೆಯಿಂದ, 1958ರ ಅಕ್ಟೋಬರ್ 1ರಿಂದ ಮೊದಲ್ಗೊಂಡು ಹಂತಹಂತವಾಗಿ ಕಿಲೋಗ್ರಾಂ ಬಂದಿತು. ಈಗ ನಡೆಯುತ್ತಿರುವುದು 2009ರ ಕಾನೂನುಬದ್ಧ ಮಾಪನ ಕಾಯಿದೆ. ತಕ್ಕಡಿಗೂ ಕಲ್ಲಿಗೂ ಗೊತ್ತಾದ ಅವಧಿಗೊಮ್ಮೆ ಸರಕಾರದ ಮುದ್ರೆ ಬೀಳಬೇಕು. ಹಿಂದೆ ಟಂಕಸಾಲೆಯ ಹೆಸರು ಮಾಡುತ್ತಿದ್ದ ಕೆಲಸವನ್ನು ಈಗ ಆ ಮುದ್ರೆ ಮಾಡುತ್ತದೆ. ತಾಮ್ರ ಹಿತ್ತಾಳೆಗಳ ಪಾತ್ರೆಯನ್ನು ತೂಗಿ ಮಾರುವ ಬೋಗಾರ ಬಂಧುಗಳಿಗೂ ಸರಾಫ ಬಂಧುಗಳಿಗೂ ಇದು ನಿತ್ಯದ ಅನುಭವ. ಮುದ್ರೆಯಿಲ್ಲದ ಕಲ್ಲನ್ನು ಬಳಸುವುದು ಇಂದು ಎರಡು ಅತಿಚಾರಗಳಿಗೆ ಒಮ್ಮೆಗೇ ಗುರಿಯಾದಂತೆ: ಮಾನೋನ್ಮಾನದ ದೋಷ ಒಂದು, ರಾಜ್ಯದ ಕಟ್ಟಳೆಯನ್ನು ಮೀರಿದ ದೋಷ ಇನ್ನೊಂದು.

ಹಳೆಯ ಬಿರುಕು ಮುಚ್ಚಿತೆಂದು ಭಾವಿಸುವಂತಿಲ್ಲ. ಕಾಗದದ ಮೇಲೆ ತೊಲೆ ಹೋದರೂ ಬಾಯಿಂದ ಹೋಗಿಲ್ಲ. ಇಂದಿನ ಸರಾಫ ಪೇಟೆಯಲ್ಲಿ ತೊಲಿ ಎಂದರೆ ಹತ್ತು ಗ್ರಾಂ. ಅಜ್ಜಿಯ ತೊಲಿ 11.664 ಗ್ರಾಂ. ಹೆಸರು ಒಂದೇ, ತೂಕ ಬೇರೆ. ಧರಣದ ಕಥೆಯೇ ಮರುಕಳಿಸಿದಂತಾಯಿತು. ತಾಯಿಯ ಮದುವೆಯಲ್ಲಿ ಐದು ತೊಲಿಯದೆಂದು ಕೊಟ್ಟ ಸರವನ್ನು ಮಗಳ ಮದುವೆಗೆ ಮುರಿಸಿ ಮಾಡಿಸುವಾಗ ಹಳೆಯ ಐದು ತೊಲಿಗೆ ಹೊಸ ಐದು ತೊಲಿ ಎಂದು ಬಾಯಿಮಾತಿನಲ್ಲಿ ಮುಗಿಸಿದರೆ ನಡುವೆ ಎಂಟು ಗ್ರಾಮಿಗೂ ಮಿಕ್ಕ ಚಿನ್ನ ಕಾಣೆಯಾಗುತ್ತದೆ. ಯಾರೂ ಸುಳ್ಳು ಹೇಳಲಿಲ್ಲ, ಯಾರ ತಕ್ಕಡಿಯೂ ತಪ್ಪು ತೂಗಲಿಲ್ಲ. ವ್ರತವನ್ನು ಹಿಡಿದ ವ್ಯಾಪಾರಿ ಗಿರಾಕಿ ಕೇಳುವುದಕ್ಕೆ ಮೊದಲೇ ಗ್ರಾಮಿನ ಲೆಕ್ಕವನ್ನು ಹೇಳಬೇಕು. ಬಣ್ಣದ ವಿಷಯದಲ್ಲಿ ಕಾನೂನು ಸಹಾಯಕ್ಕೆ ಬಂದಿದೆ. 2021ರ ಜೂನ್ 16ರಿಂದ ದೇಶದ ಜಿಲ್ಲೆಗಳಲ್ಲಿ ಹಂತಹಂತವಾಗಿ ಹಾಲ್‌ಮಾರ್ಕ್ ಕಡ್ಡಾಯವಾಗಿದೆ. ಒಡವೆಯ ಮೇಲೆ ಆರು ಅಂಕಾಕ್ಷರಗಳ ಗುರುತು ಇರುತ್ತದೆ. 22 ಕ್ಯಾರಟ್ಟಿನ ಚಿನ್ನವು ಹಳೆಯ ಲೆಕ್ಕದಲ್ಲಿ ಹದಿನಾಲ್ಕು ಮತ್ತು ಮೂರರಲ್ಲಿ ಎರಡು ಪಾಲು ವರ್ಣಕ್ಕೆ ಸಮ.

ಕೊನೆಯದಾಗಿ ಬಸದಿಯ ಮನೆಯ ಲೆಕ್ಕ. ಪ್ರತಿಷ್ಠೆಯ ಸಮಯದಲ್ಲಿ ಛತ್ರ, ಚಾಮರ, ಪ್ರಭಾವಳಿ, ಕಲಶಗಳೆಂದು ಚಿನ್ನ ಬೆಳ್ಳಿ ಬಂದು ಸೇರುತ್ತದೆ. ಸಂಭ್ರಮದ ಗಡಿಬಿಡಿಯಲ್ಲಿ ವಹಿಯಲ್ಲಿ ‘ಬೆಳ್ಳಿಯ ಕಲಶ ಒಂದು’, ‘ಚಿನ್ನ ಎರಡು ತೊಲಿ’ ಎಂದಿಷ್ಟೇ ಬರೆದಿಡುವ ರೂಢಿ ಹಲವು ಕಡೆ ಇದೆ. ಲೊಕ್ಕಿಗದ್ಯಾಣವೆಂದು ಕಲ್ಲಿನಲ್ಲಿ ಕೊರೆಯಿಸಿದವರ ಮಕ್ಕಳು ಇಷ್ಟು ಸಡಿಲವಾಗಿ ಬರೆಯುವುದು ಸಲ್ಲದು. ಗ್ರಾಮಿನಲ್ಲಿ ತೂಕ, ಶುದ್ಧತೆ, ತೂಗಿದ ದಿನಾಂಕ, ತೂಗುವಾಗ ಎದುರಿಗಿದ್ದ ಇಬ್ಬರ ಸಹಿ, ಇಷ್ಟು ಇದ್ದರೆ ಸಾಕು. ಹಳೆಯ ವಹಿಗಳನ್ನು ಹೊಸದಕ್ಕೆ ಇಳಿಸುವ ಟ್ರಸ್ಟಿನವರು ಇನ್ನೂ ಒಂದು ಎಚ್ಚರ ವಹಿಸಬೇಕು. ಗ್ರಾಂ ಬಳಕೆಗೆ ಬರುವುದಕ್ಕೆ ಹಿಂದಿನ ವಹಿಯಲ್ಲಿ 25 ತೊಲೆಯ ಚಿನ್ನದ ಪ್ರಭಾವಳಿಯೆಂದು ಬರೆದಿದ್ದರೆ ಅದು 291 ಗ್ರಾಮಿಗೂ ಹೆಚ್ಚಿನದು. ಹತ್ತರಿಂದ ಗುಣಿಸಿ 250 ಗ್ರಾಂ ಎಂದು ಹೊಸ ವಹಿಯಲ್ಲಿ ಇಳಿಸಿದರೆ 41 ಗ್ರಾಂ ಚಿನ್ನಕ್ಕೆ ಲೆಕ್ಕವೇ ಇಲ್ಲದಂತಾಗುತ್ತದೆ. ಆದುದರಿಂದ ಹಳೆಯ ನಮೂದನ್ನು ಇದ್ದಂತೆಯೇ ಉಳಿಸಿ, ವಸ್ತುವನ್ನು ಮುದ್ರೆಯಿರುವ ತ್ರಾಸಿನಲ್ಲಿ ಮತ್ತೊಮ್ಮೆ ತೂಗಿ, ಬಂದ ತೂಕವನ್ನು ಅದರ ಪಕ್ಕದಲ್ಲಿ ಬರೆಯಬೇಕು. ಪ್ರತಿಷ್ಠೆಗಾಗಿ ಬಸದಿಯ ಉಪಕರಣಗಳೆಲ್ಲ ಹೊರಗೆ ಬಂದಿರುವ ಈ ದಿನಗಳಲ್ಲಿಯೇ ಆ ಕೆಲಸ ಮುಗಿದರೆ ಒಳಿತು.